ಹಾಯಿಹಡಗೆಂಬ ಪಾಠಶಾಲೆ

ಯಲಹಂಕ, ಹೆಬ್ಬಾಳಗಳ ಕೆರೆಗಳನ್ನು ಕಂಡು ಬೆಳೆಯುವ ಮಕ್ಕಳಿಗೆ ಕಡಲು ದೂರದ ಮಾತು. ಆದರೂ ಹಾಯಿಹಡಗಿನ ಶಿಕ್ಷಣಕ್ರಮವು ಅವರ ಅಧ್ಯಾಪಕರು ಅರಿಯತಕ್ಕ ವಿಷಯವಾಗಿದೆ.

ಭಾರತೀಯ ನೌಕಾಪಡೆಯ ‘ತರಂಗಿಣಿ’ಯು ಗೋವೆಯಲ್ಲಿ ನಿರ್ಮಾಣಗೊಂಡು, 1997ರಲ್ಲಿ ಸೇವೆಗೆ ಸೇರಿದ ತರಬೇತಿ ನೌಕೆ. ಹಾಯಿ ಕಟ್ಟುವ ಮೂರು ಕಂಬಗಳುಳ್ಳ ಈ ಹಡಗು 2003-04ರಲ್ಲಿ ಭೂಪ್ರದಕ್ಷಿಣೆಯನ್ನೂ ಪೂರೈಸಿತು. ತರಂಗಗಳುಳ್ಳದ್ದು, ಅರ್ಥಾತ್ ನದಿ ಎಂಬುದು ಆ ಹೆಸರಿನ ಅರ್ಥ.

ಯಂತ್ರಯುಗದಲ್ಲಿ ಹಾಯಿಯೇಕೆ ಎಂಬ ಪ್ರಶ್ನೆ ಸಹಜ. ಯಂತ್ರವು ಆಜ್ಞೆಗೆ ಮಣಿಯುತ್ತದೆ, ಗಾಳಿ ಮಣಿಯದು. ಎದುರುಗಾಳಿಯಲ್ಲಿ ಹಡಗು ಓರೆಯಾಗಿ, ಮಗ್ಗುಲು ಬದಲಿಸುತ್ತ ಮುನ್ನಡೆಯಬೇಕು. ಭಾರವಾದ ಹಾಯಿಯನ್ನೇರಿಸಲು ಹಲವು ಕೈಗಳು ಒಂದೇ ಹಗ್ಗವನ್ನು ಒಂದೇ ಲಯದಲ್ಲಿ ಎಳೆಯಬೇಕು; ಅಲ್ಲಿ ಒಬ್ಬನ ಉದಾಸೀನ ಎಲ್ಲರಿಗೂ ಅಪಾಯ.

ಶಾಲಾ ಪ್ರವಾಸಗಳಿಗೂ ಇದು ಸಲ್ಲುವ ಮಾತು. ಕಣ್ಣಿಗೆ ನೋಟವಿರುವಂತೆ ಕೈಗೊಂದು ಕೆಲಸವೂ ಇದ್ದರೆ ಕಲಿತದ್ದು ಬಹುಕಾಲ ಉಳಿದೀತು.