ಹೊಸ ಟಯರ್ ಹಾಕಿಸಿದ್ರಾ? ಹಳೇದನ್ನ ಒಮ್ಮೆ ನೋಡಿ

“ಟಯರ್ ಬದಲಾಯಿಸಿದ್ರೆ ಅಲೈನ್‌ಮೆಂಟ್ ಏನೂ ಕೆಡಲ್ಲ ಸರ್” ಅಂದಿದ್ರು ಅಂಗಡಿಯವರು. ಮುಂದಿನ ಎರಡು ಟಯರ್‌ಗೆ ಆಗಲೇ ಜೇಬು ಖಾಲಿಯಾಗಿತ್ತು, ನಾನೂ ಸರಿ ಅಂದು ಬಂದೆ. ಆರು ತಿಂಗಳಿಗೆ ಎಡ ಟಯರಿನ ಒಳ ಅಂಚು ನುಣ್ಣಗೆ! ಹೊರಗಿಂದ ಹೊಸದರಂತೇ ಇತ್ತು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಬಗ್ಗಿ ನೋಡಿದಾಗಲೇ ಗೊತ್ತಾಗಿದ್ದು.

ಅವರು ಹೇಳಿದ್ದು ಸುಳ್ಳಲ್ಲ. ಚಕ್ರದ ಕೋನ ನಿಂತಿರೋದು ಸಸ್ಪೆನ್ಶನ್, ಟೈ ರಾಡ್ ಮೇಲೆ. ಅದನ್ನು ಕೆಡಿಸೋದು ರಸ್ತೆಗುಂಡಿ, ಹಂಪು, ಸವೆದ ಭಾಗಗಳು. ಆದರೆ ಹಳೇ ಟಯರನ್ನು ತಿಂದ ದೋಷ ಗಾಡಿಯಲ್ಲೇ ಉಳಿದಿರುತ್ತಲ್ಲ! ಬಗ್ ಹಾಗೇ ಬಿಟ್ಟು ಸರ್ವರ್ ರೀಸ್ಟಾರ್ಟ್ ಮಾಡಿದ ಕಥೆ.

ಹಾಗಾಗಿ ಬಿಚ್ಚಿದ ಟಯರನ್ನು ಎಸೆಯೋ ಮುಂಚೆ ನೋಡಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಿತ್ತು, ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಒಂದೇ ಅಂಚು ಸವೆದಿದ್ದರೆ, ಗಾಡಿ ಒಂದು ಕಡೆಗೆ ಎಳೀತಿದ್ದರೆ, ನೇರ ಹೋಗುವಾಗ ಸ್ಟೀರಿಂಗ್ ಸೊಟ್ಟಗಿದ್ದರೆ ಅಲೈನ್‌ಮೆಂಟ್ ಬೇಕೇ ಬೇಕು. ಇದ್ಯಾವುದೂ ಇಲ್ಲದಿದ್ದರೂ ನಾನಂತೂ ಈಗ ಮಾಡಿಸ್ತೀನಿ, ಟಯರಿನ ಬೆಲೆ ಮುಂದೆ ಅದೇನು ದೊಡ್ಡ ಖರ್ಚಲ್ಲ. ಬ್ಯಾಲೆನ್ಸಿಂಗ್ ಬೇರೆ ವಿಷಯ; ಹೊಸ ಟಯರಿಗೆ ಅದು ಕಡ್ಡಾಯ, ಇಲ್ಲಾಂದ್ರೆ ಹೈವೇಲಿ ಸ್ಟೀರಿಂಗ್ ನಡುಗುತ್ತೆ.

ಮೊದಲು ಗಾಳಿ ಸರಿ ಮಾಡಿಸಿ, ಆಮೇಲೆ ಅಲೈನ್‌ಮೆಂಟ್. ಮುಂಚಿನ, ನಂತರದ ಅಳತೆಗಳ ಪ್ರಿಂಟ್ ಕೇಳಿ ಪಡೀರಿ. ಟೈ ರಾಡ್ ಎಂಡ್ ಅಲ್ಲಾಡ್ತಿದೆಯಾ ಅಂತ ಅಲುಗಿಸಿ ನೋಡೋಕೆ ಹೇಳಿ. ನನ್ನ ಗಾಡೀಲಿ ಅದೇ ಸಡಿಲವಾಗಿತ್ತು. ಅದನ್ನು ಬದಲಾಯಿಸಿದ ಮೇಲೇನೇ ಅಲೈನ್‌ಮೆಂಟ್ ನಿಂತಿದ್ದು.