ಇಂಕ್‌ಜೆಟ್ ಮುದ್ರಣದ ಬಿಳಿ ಗೆರೆಗಳು ಮತ್ತು ಕೊಡಗಿನ ಹವೆ

ಕೊಡಗಿನ ತೋಟದ ಮನೆಗಳಲ್ಲಿ, ಶಾಲೆಗಳಲ್ಲಿ, ಸಹಕಾರ ಸಂಘಗಳ ಕಚೇರಿಗಳಲ್ಲಿ ಇಂಕ್‌ಜೆಟ್ ಪ್ರಿಂಟರಿನ ಮುದ್ರಣ ಕೆಟ್ಟಾಗ ಕಾರ್ಟ್ರಿಡ್ಜನ್ನೇ ಹೊಣೆ ಮಾಡಿ ಹೊಸದನ್ನು ತರುವುದುಂಟು. ಆದರೆ ದೋಷ ಶಾಯಿಯದೋ ಕಾಗದದ್ದೋ ಎಂದು ಮೊದಲು ಗೊತ್ತುಮಾಡಿಕೊಳ್ಳದೆ ಮಾಡುವ ಈ ಖರ್ಚು ಅನೇಕ ವೇಳೆ ವ್ಯರ್ಥವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ಭಾಗಮಂಡಲದಂಥ ಊರುಗಳಲ್ಲಿ ಕಟ್ಟು ಬಿಚ್ಚಿಟ್ಟ ಕಾಗದ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ, ಶಾಯಿ ನಾರುಗಳ ಗುಂಟ ಹರಡಿ ಅಕ್ಷರಗಳ ಅಂಚು ಮಸುಕಾಗುತ್ತದೆ, ಹಾಳೆ ಸುರುಳಿಗಟ್ಟಿ ಯಂತ್ರದೊಳಗೆ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಮದ್ದು ಕಾರ್ಟ್ರಿಡ್ಜಿನಲ್ಲಿಲ್ಲ. ಕಾಗದದ ಕಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮಳೆಗಾಲದಲ್ಲಿ ಬಟ್ಟೆಬರೆಯನ್ನು ಕಾಪಾಡುವ ಬೀರುವಿನಲ್ಲೇ ಇಟ್ಟು, ಬೇಕಾದಷ್ಟು ಹಾಳೆಗಳನ್ನು ಮಾತ್ರ ಹೊರತೆಗೆದರೆ ಸಾಕು.

ಅಕ್ಷರಗಳ ನಡುವೆ ಸಮಾನಾಂತರವಾಗಿ ಬಿಳಿ ಗೆರೆಗಳು ಹಾಯುವುದು ಅಥವಾ ಒಂದು ಬಣ್ಣವೇ ಕಾಣೆಯಾಗುವುದು ಶಾಯಿ ಕಟ್ಟಿಕೊಂಡಿರುವುದರ ಲಕ್ಷಣ. ಕಾಫಿ ಕುಯ್ಲಿನ ದಿನಗಳಲ್ಲಿ ಮನೆಮಂದಿಯೆಲ್ಲ ತೋಟದಲ್ಲಿ, ಕಣದಲ್ಲಿ ತೊಡಗಿ ಪ್ರಿಂಟರನ್ನು ವಾರಗಟ್ಟಲೆ ಮುಟ್ಟದಿರುವಾಗ, ಗಾಳಿಯೂ ಒಣಗಿರುವುದರಿಂದ ಈ ತೊಂದರೆ ಹೆಚ್ಚು. ಶಾಯಿಯನ್ನು ಕಾಗದದ ಮೇಲೆ ಚಿಮ್ಮಿಸುವ ಭಾಗಕ್ಕೆ ಪ್ರಿಂಟ್ ಹೆಡ್ ಎಂದೂ, ಅದರಲ್ಲಿರುವ, ತಲೆಗೂದಲಿಗಿಂತ ಕಿರಿದಾದ ರಂಧ್ರಗಳಿಗೆ ನಾಝಲ್ ಎಂದೂ ಹೆಸರು. ಬಹುಪಾಲು ನೀರೇ ಆಗಿರುವ ಶಾಯಿಯಿಂದ ನೀರು ಆರಿದಾಗ, ಉಳಿದ ಗಟ್ಟಿ ಅಂಶ ಈ ರಂಧ್ರಗಳನ್ನು ಮುಚ್ಚುತ್ತದೆ.

ಹೆಡ್ ಎಲ್ಲಿದೆ ಎಂಬುದನ್ನು ಅವಲಂಬಿಸಿ ಪರಿಹಾರ ಬೇರೆಯಾಗುತ್ತದೆ. ಎಚ್‌ಪಿ ಮತ್ತು ಕ್ಯಾನನ್ ಸಂಸ್ಥೆಗಳ ಅನೇಕ ಸಣ್ಣ ಪ್ರಿಂಟರುಗಳಲ್ಲಿ ಹೆಡ್ ಕಾರ್ಟ್ರಿಡ್ಜಿಗೇ ಅಂಟಿಕೊಂಡಿರುವುದರಿಂದ ಕಾರ್ಟ್ರಿಡ್ಜ್ ಬದಲಿಸಿದರೆ ಹೆಡ್ ಕೂಡ ಹೊಸದಾಗುತ್ತದೆ. ಎಪ್ಸನ್‌ನ ಇಂಕ್ ಟ್ಯಾಂಕ್ ಪ್ರಿಂಟರುಗಳಲ್ಲಿ ಅದು ಯಂತ್ರದಲ್ಲೇ ಉಳಿಯುವುದರಿಂದ, ಹೊಸ ಶಾಯಿ ತುಂಬಿದ ಮಾತ್ರಕ್ಕೆ ಗೆರೆಗಳು ಹೋಗುವುದಿಲ್ಲ. 1977ರಲ್ಲಿ ಕ್ಯಾನನ್‌ನ ಪ್ರಯೋಗಾಲಯದಲ್ಲಿ ಕಾದ ಬೆಸುಗೆ ಕಡ್ಡಿಯೊಂದು ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ತಾಗಿ ಶಾಯಿ ಚಿಮ್ಮಿದ್ದರಿಂದ ಹೊಳೆದ ತತ್ತ್ವದ ಮೇಲೆ ಆ ಸಂಸ್ಥೆಯ ಇಂಕ್‌ಜೆಟ್ ಹೆಡ್‌ಗಳು ರೂಪುಗೊಂಡವು. ಹೀಗೆ ಶಾಖದಿಂದ ಶಾಯಿ ಚಿಮ್ಮಿಸುವ ಹೆಡ್‌ಗಳಲ್ಲಿ ಶಾಯಿಯೇ ತಂಪನ್ನೂ ಕೊಡುವುದರಿಂದ, ಅದು ಮುಗಿದ ಮೇಲೂ ಮುದ್ರಿಸುತ್ತ ಹೋದರೆ ಒಳಗಿನ ಸೂಕ್ಷ್ಮ ಹೀಟರುಗಳು ಸುಟ್ಟುಹೋಗಬಹುದು, ಆಗ ಯಾವ ಶುಚಿಕಾರ್ಯವೂ ಫಲಿಸದು.

ಮೊದಲು ಪ್ರಿಂಟರಿನ ಮೆನುವಿನಲ್ಲಿರುವ ನಾಝಲ್ ಚೆಕ್ ಪುಟವನ್ನು ಮುದ್ರಿಸಿ, ಯಾವ ಬಣ್ಣದ ಗೆರೆಗಳು ತುಂಡಾಗಿವೆ ಎಂದು ನೋಡಬೇಕು. ಬಳಿಕ ಹೆಡ್ ಕ್ಲೀನಿಂಗ್ ಆಯ್ಕೆಯನ್ನು ಎರಡು ಮೂರು ಸಲ ಬಳಸಬಹುದು. ಪ್ರತಿಸಲವೂ ಶಾಯಿ ಹೀರಲ್ಪಟ್ಟು ಯಂತ್ರದೊಳಗಿನ ಸ್ಪಂಜಿಗೆ ಸೇರುವುದರಿಂದ ಮತ್ತೆ ಮತ್ತೆ ಒತ್ತುವುದು ದುಬಾರಿ. ಅದರ ಬದಲು ಒಂದು ರಾತ್ರಿ ಹಾಗೇ ಬಿಟ್ಟರೆ, ಒಣಗಿದ ಶಾಯಿ ಹೊಸ ಶಾಯಿಯಲ್ಲಿ ನೆನೆದು ಸಡಿಲಗೊಳ್ಳುವುದುಂಟು. ಹೆಡ್ ಇರುವ ಕಾರ್ಟ್ರಿಡ್ಜಾದರೆ ಅದನ್ನು ಹೊರತೆಗೆದು, ಇನ್ವರ್ಟರ್ ಬ್ಯಾಟರಿಗೆ ಹಾಕಲು ಮನೆಯಲ್ಲಿ ಇಟ್ಟುಕೊಂಡಿರುವ ಡಿಸ್ಟಿಲ್ಡ್ ವಾಟರನ್ನು, ಅದು ಆ್ಯಸಿಡ್ ಅಲ್ಲವೆಂದು ಖಚಿತಪಡಿಸಿಕೊಂಡು, ತುಸು ಬೆಚ್ಚಗೆ ಮಾಡಿ, ಟಿಶ್ಯೂ ಕಾಗದವನ್ನು ಅದರಲ್ಲಿ ಒದ್ದೆಮಾಡಿ, ನಾಝಲ್ ಇರುವ ತಳಭಾಗವನ್ನು ಅದರ ಮೇಲೆ ಕೆಲವು ನಿಮಿಷ ಊರಿಡಬೇಕು. ನಂತರ ಒಣ ಟಿಶ್ಯೂವಿನ ಮೇಲೆ ಮೆಲ್ಲನೆ ಒತ್ತಿದಾಗ, ಬಣ್ಣದ ಕಾರ್ಟ್ರಿಡ್ಜಿನಿಂದ ಮೂರೂ ಬಣ್ಣಗಳ ಪಟ್ಟೆ ಸ್ಪಷ್ಟವಾಗಿ ಮೂಡಿದರೆ ದಾರಿ ತೆರೆದಿದೆಯೆಂದರ್ಥ. ನಲ್ಲಿಯ ಅಥವಾ ಬಾವಿಯ ನೀರಿನಲ್ಲಿರುವ ಲವಣಗಳು ರಂಧ್ರದಲ್ಲಿ ಉಳಿಯುವುದರಿಂದ ಅದನ್ನು ಬಳಸಬಾರದು. ತಾಮ್ರಬಣ್ಣದ ಸಂಪರ್ಕಬಿಂದುಗಳು ಪೂರ್ತಿ ಒಣಗದೆ ಕಾರ್ಟ್ರಿಡ್ಜನ್ನು ಮರಳಿ ಕೂರಿಸಲೂಬಾರದು. ಅಗ್ಗದ ರೀಫಿಲ್ ಶಾಯಿಯ ವಿಷಯದಲ್ಲೂ ಎಚ್ಚರ ಬೇಕು, ಏಕೆಂದರೆ ಕರಗಿದ ಬಣ್ಣದ ಶಾಯಿಯೂ ಕಣಗಳುಳ್ಳ ಪಿಗ್ಮೆಂಟ್ ಶಾಯಿಯೂ ಬೆರೆತರೆ ಒಳಗೇ ಗಸಿಯಾಗಬಹುದು.

ಕೊಡಗಿನಲ್ಲಿ ವಿಶೇಷವಾಗಿ ಗಮನಿಸಬೇಕಾದ ಕಾರಣವೊಂದಿದೆ. ಕೆಲಸ ಮುಗಿದಾಗ ಹೆಡ್ ಒಂದು ಬದಿಗೆ ಸರಿದು ರಬ್ಬರ್ ಮುಚ್ಚಳದ ಮೇಲೆ ಕೂರುವುದರಿಂದಲೇ ಶಾಯಿ ಒಣಗದೆ ಉಳಿಯುತ್ತದೆ. ಮುದ್ರಣದ ನಡುವೆ ಕರೆಂಟ್ ಹೋದರೆ ಹೆಡ್ ದಾರಿಯಲ್ಲೇ ನಿಂತು ನಾಝಲ್‌ಗಳು ತೆರೆದೇ ಇರುತ್ತವೆ. ಮರ ಬಿದ್ದು ತಂತಿ ಕಡಿದು, ದಿನಗಟ್ಟಲೆ ವಿದ್ಯುತ್ ಇಲ್ಲದ ಮಳೆಗಾಲದಲ್ಲಿ ಇಷ್ಟೇ ಸಾಕು, ಸುಸ್ಥಿತಿಯ ಹೆಡ್ ಹಾಳಾಗಲು. ಆದ್ದರಿಂದ ಕರೆಂಟ್ ಬಂದೊಡನೆ ಪ್ರಿಂಟರನ್ನು ಒಮ್ಮೆ ಚಾಲೂ ಮಾಡಬೇಕು, ವಾರಕ್ಕೊಂದು ಬಣ್ಣದ ಪುಟವನ್ನಾದರೂ ಮುದ್ರಿಸಬೇಕು, ಗೋಡೆಯ ಸ್ವಿಚ್ಚನ್ನು ಆರಿಸುವ ಮುನ್ನ ತಪ್ಪದೆ ಯಂತ್ರದ ಮೇಲಿನ ಗುಂಡಿಯನ್ನೇ ಒತ್ತಿ, ಹೆಡ್ ತನ್ನ ಜಾಗಕ್ಕೆ ಮರಳುವವರೆಗೆ ಕಾಯಬೇಕು.