ದೇಗಾಂವದ ದೊರೆಗಳೂ ಮುರಿದ ಕೂವೆಮರವೂ

ಕುಲದ ಹಿರಿಯನು ರಣದಲ್ಲಿ ಮಡಿದರೆ ಅವನ ಹೆಸರಿನಿಂದ ವೀರಗಲ್ಲು ನಿಲ್ಲುವುದು; ಮನೆಯಲ್ಲಿ ಕಾಲವಾದರೆ ವರ್ಷಕ್ಕೊಮ್ಮೆ ತಿಥಿಯಾದರೂ ಬರುವುದು. ಕಡಲಿನಲ್ಲಿ ಮರೆಯಾದವನಿಗೆ ಕಲ್ಲೂ ಇಲ್ಲ, ತಿಥಿಯ ನಿಶ್ಚಯವೂ ಇಲ್ಲ. 1888ನೆಯ ಇಸವಿಯ ನವೆಂಬರದಲ್ಲಿ ಕಚ್ಛದ ಮಾಂಡವಿಯಿಂದ ಮುಂಬಯಿಗೆ ಹೊರಟ ‘ವೈತರಣಾ’ ಎಂಬ ಉಗಿಹಡಗು ಬಿರುಗಾಳಿಗೆ ಸಿಕ್ಕಿ 700ಕ್ಕೂ ಮಿಕ್ಕ ಜನರೊಡನೆ ಕುರುಹಿಲ್ಲದೆ ಮುಳುಗಿತು. 1942ನೆಯ ನವೆಂಬರ 23ರಂದು ಮುಂಬಯಿಯಿಂದ ಆಫ್ರಿಕಾಕ್ಕೆ ಸಾಗಿದ್ದ ‘ತಿಲಾವಾ’ ಹಡಗು ಜಪಾನಿನ ಜಲಾಂತರ್ಗಾಮಿಯ ಏಟಿಗೆ ತುತ್ತಾಗಿ 280 ಜನರು ಪ್ರಾಣ ಕಳೆದುಕೊಂಡರು. ಸತ್ತವರ ಮಕ್ಕಳೂ ಮೊಮ್ಮಕ್ಕಳೂ 80 ವರ್ಷಗಳ ತರುವಾಯ, 2022ರಲ್ಲಿ, ಮುಂಬಯಿಯಲ್ಲಿ ನೆರೆದು ಅವರನ್ನು ಸ್ಮರಿಸಿದರು. ಹೋದವನನ್ನು ತರಲಾಗದು, ಅವನು ಎಲ್ಲಿ, ಹೇಗೆ ಹೋದನೆಂಬುದನ್ನಾದರೂ ಅರಿಯಬೇಕೆಂಬ ಹಂಬಲವು ಮನುಷ್ಯಸಹಜವಾದುದು.

ಘಟ್ಟದ ಮೇಲಿನ ನಮಗೂ ಈ ಕಡಲ ಮಾತಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು, ಅದು ಕಿತ್ತೂರಿನ ಮಗ್ಗುಲಲ್ಲಿಯೇ ಉಂಟು. ದೇಗಾಂವದ ಕಮಲನಾರಾಯಣ ದೇವಾಲಯವನ್ನು ಕಾಣದವರು ನಮ್ಮ ಸೀಮೆಯಲ್ಲಿ ವಿರಳ. ಗೋವೆಯ ಕದಂಬರ ದೊರೆ ಶಿವಚಿತ್ತ ಪೆರ್ಮಾಡಿದೇವನ ಪಟ್ಟದರಸಿ ಕಮಲಾದೇವಿಯು ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಸಿದ ಗುಡಿಯಿದು. ಮೂರು ಗರ್ಭಗೃಹಗಳ ಈ ಕಟ್ಟಡವನ್ನು ರಚಿಸಿದ ಶಿಲ್ಪಿ ತಿಪ್ಪೋಜ. ಇಲ್ಲಿಯ ಶಾಸನವು ಕಲಿಯುಗದ 4275ನೆಯ ವರ್ಷದ್ದು, ಎಂದರೆ ಕ್ರಿಸ್ತಶಕ 1174ರದು. ದೇಗಂವೆಯನ್ನು ಬ್ರಾಹ್ಮಣರಿಗೆ ಅಗ್ರಹಾರವಾಗಿ ಬಿಟ್ಟ ಸಂಗತಿಯನ್ನು ಅದು ಹೇಳುತ್ತದೆ. ಶಕವರ್ಷವನ್ನು ಬಿಟ್ಟು ಕಲಿವರ್ಷದಿಂದ ಕಾಲವನ್ನೆಣಿಸುವುದು ಈ ಅರಸರ ಹಲವು ಶಾಸನಗಳಲ್ಲಿ ಕಾಣುವ ರೂಢಿ. ಮುಂಬಯಿ ಇಲಾಖೆಯ ಅಧಿಕಾರಿ ಫ್ಲೀಟ್ ಸಾಹೇಬರು ಹತ್ತೊಂಬತ್ತನೆಯ ಶತಮಾನದಲ್ಲಿ ಈ ಶಾಸನವನ್ನು ಓದಿ, ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು.

ಶಾಸನಕವಿಯು ದಾನವನ್ನು ಹೇಳುವ ಮುನ್ನ ವಂಶವನ್ನು ಹೇಳುವನು. ಶಿವನ ಬೆವರಹನಿಯಿಂದ ಕದಂಬವೃಕ್ಷದಡಿಯಲ್ಲಿ ಮೂಲಪುರುಷನು ಹುಟ್ಟಿದನೆಂಬುದು ಈ ಮನೆತನದ ಕಥೆ. ಅವನ ಕುಲದಲ್ಲಿ ಗುಹಲ್ಲ, ಅವನ ಮಗ ಷಷ್ಠದೇವ, ಅವನ ಮಗ ಜಯಕೇಶಿ. ಹೀಗೆ ತಲೆಮಾರುಗಳು ಇಳಿದು ಪೆರ್ಮಾಡಿಯವರೆಗೆ ಬರುತ್ತವೆ. ಗುಹಲ್ಲನಿಗೆ ವ್ಯಾಘ್ರಮಾರಿ, ಎಂದರೆ ಹುಲಿಯನ್ನು ಕೊಂದವನು, ಎಂಬ ಬಿರುದು. ಹುಲಿಯನ್ನು ಕೊಂದ ಸಂಗತಿಯನ್ನು ಹೊಗಳುಭಟರು ಮರೆಯಲಿಲ್ಲ. ಆದರೆ ಅದೇ ಹೆಸರಿನ ದೊರೆಯು ಪ್ರಾಣಭಯದಲ್ಲಿ ಸಿಕ್ಕಿದ ಒಂದು ದಿನವಿತ್ತೆಂಬುದು ನಮಗೆ ತಿಳಿಯುವುದು ಬೇರೊಂದು ಕಾಗದದಿಂದ. ಅಲ್ಲ, ತಾಮ್ರದ ತಗಡಿನಿಂದ.

ಹನ್ನೊಂದನೆಯ ಶತಮಾನದ ನಡುವಿನಲ್ಲಿ ಮೊದಲನೆಯ ಜಯಕೇಶಿಯು ಗೋವೆಯಲ್ಲಿ ಬರೆಯಿಸಿಕೊಟ್ಟ ತಾಮ್ರಪಟಗಳ ವೃತ್ತಾಂತವಿದು. ಗುಹಲ್ಲದೇವನು ಸೋಮನಾಥನ ಯಾತ್ರೆಗೆಂದು ಹಡಗನ್ನೇರಿದನು. ನಡುದಾರಿಯಲ್ಲಿ ಹಡಗಿನ ಕೂವೆಮರ ಮುರಿಯಿತು. ಹಾಯಿ ನಿಲ್ಲದ ಹಡಗು ಗೋವೆಯ ರೇವನ್ನು ಸೇರಬೇಕಾಯಿತು. ಆ ಕಷ್ಟಕಾಲದಲ್ಲಿ ದೊರೆಗೆ ನೆರವಾದವನು ತಾಜಿಕ ಕುಲದವನಾದ, ಎಂದರೆ ಅರಬ ಮೂಲದ, ಮಹಮ್ಮದನೆಂಬ ಹಡಗಿನ ವ್ಯಾಪಾರಿ. ಅವನ ಮಗ ಅಲಿಯಮ. ಅಲಿಯಮನ ಮಗ ಸಾದನ. ಈ ಸಾದನನು ಜಯಕೇಶಿಯ ಆಳಿಕೆಯಲ್ಲಿ ದೊಡ್ಡ ಅಧಿಕಾರಿಯಾದನು. ಅವನು ಗೋವೆಯಲ್ಲಿ ಕಟ್ಟಿಸಿದ ಮಿಜಿಗಿತಿಯ, ಎಂದರೆ ಮಸೀದಿಯ, ಖರ್ಚಿಗಾಗಿ ರೇವಿಗೆ ಬರುವ ಹಡಗುಗಳಿಂದ ಸುಂಕವನ್ನೆತ್ತಲು ಜಯಕೇಶಿಯು ಅಪ್ಪಣೆ ಕೊಟ್ಟನು. ಅಜ್ಜನು ಮಾಡಿದ ಉಪಕಾರದ ಋಣವು ಮೊಮ್ಮಗನ ಕಾಲದಲ್ಲಿಯೂ ಲೆಕ್ಕದಲ್ಲಿತ್ತು.

ಪೂರ್ವಜನನ್ನು ಅರಸುವವರಿಗೆ ಇಲ್ಲಿ ಒಂದು ತೊಡಕು ಎದುರಾಗುತ್ತದೆ. ಗುಹಲ್ಲನೆಂಬ ಹೆಸರು ಈ ವಂಶದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬರುವುದು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ಪದ್ಧತಿಯಿಂದ ಇಂಥ ಗೊಂದಲವು ಎಲ್ಲ ಮನೆಗಳಲ್ಲಿಯೂ ಉಂಟು. ಹಾಗಿದ್ದರೆ ಹಡಗೇರಿದವನು ಯಾವ ಗುಹಲ್ಲ? ಎರಡು ಮನೆಗಳ ತಲೆಮಾರುಗಳನ್ನು ಒತ್ತಟ್ಟಿಗಿಟ್ಟು ನೋಡಬೇಕು. ಅತ್ತ ಮಹಮ್ಮದ, ಅಲಿಯಮ, ಸಾದನ. ಇತ್ತ ಗುಹಲ್ಲ, ಷಷ್ಠದೇವ, ಜಯಕೇಶಿ. ಮೂರಕ್ಕೆ ಮೂರು ಸರಿಹೋಗುತ್ತವೆ. ಆದುದರಿಂದ ಷಷ್ಠದೇವನ ತಂದೆಯೇ ಆ ಯಾತ್ರಿಕನೆಂದು ತಿಳಿಯುವುದು ಯುಕ್ತವೆಂದು ನಮಗೆ ತೋರುತ್ತದೆ. ನಮ್ಮ ಮನೆಯ ವಂಶಾವಳಿಯ ಸಂದೇಹವನ್ನು ನೆರೆಯವನ ವಂಶಾವಳಿಯು ಬಿಡಿಸುವುದುಂಟು. ಇಂಥ ಚದುರಿದ ಸಾಮಗ್ರಿಯನ್ನೆಲ್ಲ ಕೂಡಿಹಾಕಿ ಜಾರ್ಜ್ ಮೊರಾಯೆಸರು 1931ರಲ್ಲಿ ‘ಕದಂಬ ಕುಲ’ವೆಂಬ ಇಂಗ್ಲಿಷ್ ಗ್ರಂಥವನ್ನು ಹೊರಡಿಸಿದರು. ಜಿಜ್ಞಾಸುಗಳು ಅದನ್ನು ನೋಡತಕ್ಕದ್ದು.

ಈ ವೃತ್ತಾಂತದಿಂದ ನಾವು ಗ್ರಹಿಸಬೇಕಾದುದು ಇಷ್ಟು. ಹೊಗಳಿಕೆಯ ಪತ್ರವು ಹಿರಿಯರ ಗೆಲವನ್ನು ಹೇಳುತ್ತದೆ. ಋಣದ ಪತ್ರವು ಅವರ ಆಪತ್ತನ್ನು ಹೇಳುತ್ತದೆ. ಹುಲಿಯ ಕಥೆಯನ್ನು ಕವಿಯು ಬೆಳೆಸಿರಬಹುದು. ಆದರೆ ನಮ್ಮ ಹಿರಿಯನು ಅಸಹಾಯನಾಗಿದ್ದನು, ಪರಕುಲದವನೊಬ್ಬನು ಕೈಹಿಡಿದನು ಎಂದು ಅರಸನೇ ಒಪ್ಪಿ, ತನ್ನ ಉತ್ಪನ್ನದಲ್ಲಿ ಪಾಲು ಬಿಟ್ಟುಕೊಟ್ಟು, ತಾಮ್ರದಲ್ಲಿ ಕೆತ್ತಿಸಿದ ಮಾತಿಗೆ ಬೆಲೆ ಹೆಚ್ಚು. ಸೋಮನಾಥದ ದಾರಿಯಲ್ಲಿದ್ದ ಶಿವಭಕ್ತನಿಗೆ ಮುಸಲ್ಮಾನ ವರ್ತಕನು ನೆರವಾದನು. ಅದೇ ಸೋಮನಾಥದಲ್ಲಿ 1264ರಲ್ಲಿ ಹೊರ್ಮುಜದ ನಾವಿಕನೊಬ್ಬನು ಊರಿನವರ ಸಮ್ಮತಿಯಿಂದ ಮಿಜಿಗಿತಿಯನ್ನು ಕಟ್ಟಿಸಿದುದನ್ನು ವೇರಾವಳದ ಸಂಸ್ಕೃತ ಶಾಸನವು ಹೇಳುತ್ತದೆ. ಕಡಲಿನ ಮೇಲೆ ಬಾಳುವೆ ಮಾಡಿದ ಜನರು ಒಬ್ಬರಿಗೊಬ್ಬರು ಬೇಕಾದವರಾಗಿದ್ದರು.

ಅರಸನು ಬದುಕಿ ಬಂದನು. ಅವನ ಮೊಮ್ಮಗನಿಗೆ ತಾಮ್ರಪಟವನ್ನು ಕೊರೆಯಿಸುವ ಶಕ್ತಿಯಿತ್ತು. ಬಡವರ ಮನೆಯ ಹಿರಿಯನು ಮುಳುಗಿದರೆ ಅವನ ಹೆಸರು ಉಳಿಯುವುದು ಹಡಗಿನ ಪ್ರಯಾಣಿಕರ ಪಟ್ಟಿಯಲ್ಲಿ, ಸಾಲ ಕೊಟ್ಟವನ ಕಡತದಲ್ಲಿ, ಮನೆಗೆ ಬಂದ ಒಂದು ಕಾಗದದಲ್ಲಿ. ಇವುಗಳನ್ನು ರದ್ದಿಯೆಂದು ಮಾರುವವರು ನಮ್ಮಲ್ಲಿ ಕಡಿಮೆಯಿಲ್ಲ. ಕಚೇರಿಗಳ ಹಳೆಯ ದಫ್ತರವನ್ನು ಕಾಯುವ ಅಧಿಕಾರಿಗಳೂ, ಅಟ್ಟದ ಮೇಲೆ ಕಡತದ ಗಂಟುಗಳನ್ನಿಟ್ಟ ಗೃಹಸ್ಥರೂ ಇದನ್ನು ಮನಸ್ಸಿಗೆ ತರಬೇಕೆಂದು ನಾವು ವಿನಂತಿಸುತ್ತೇವೆ. ಗಂಟನ್ನು ಬಿಸುಡುವ ಮುನ್ನ ಒಮ್ಮೆ ಬಿಚ್ಚಿ ಓದಿರಿ. ನಿಮ್ಮ ಹಿರಿಯನ ಮುರಿದ ಕೂವೆಮರವು ಅದರಲ್ಲಿದ್ದೀತು. ಅವನ ಕೈಹಿಡಿದವನ ಹೆಸರೂ ಇದ್ದೀತು.